ಹದಿನಾರನೆಯ ಕಚ್ಚು

ಶನಿವಾರ, ಬ್ಲೈನೈ ಊರಿನ ಚಾಪೆಲ್ಲಿನ ಹಿಂಕೋಣೆ.
ಹಳೆ ಸಾಮಾನಿನ ಮಾರಾಟ, ಮಾಡು ರಿಪೇರಿಗೆ.
ಬೆಲೆಚೀಟಿ ಅಂಟಿಸುವುದು ನನ್ನ ಪಾಲು:
ಟೀ ಕೆಟಲಿಗೆ ಎರಡು ಪೌಂಡು,
ಕಿವಿ ಮುರಿದ ಜಗ್ಗಿಗೆ ಐವತ್ತು ಪೆನ್ಸು,
ಜೋಡಿ ತಪ್ಪಿದ ಕೈಗವಸು ಪುಕ್ಕಟೆ.

ಪೆಟ್ಟಿಗೆಯ ತಳದಲ್ಲಿ ಇದು.
ಒಂದೂವರೆ ಮೊಳದ ಮರದ ಪಟ್ಟಿ,
ಅಂಚಿನುದ್ದಕ್ಕೂ ಕಚ್ಚು, ಕಚ್ಚು, ಕಚ್ಚು,
ಲೆಕ್ಕ ಬಲ್ಲ ಇಲಿ ಕಡಿದ ಹಾಗೆ.
ತುದಿಯಲ್ಲೊಂದು ಮೊಳೆ. ಅದರ ಚೂಪು ಆಚೆ ಬಂದು
ನನ್ನ ಬೆರಳಿಗೆ ಮೊದಲ ನಮಸ್ಕಾರ ಹೇಳಿತು.

ಚೀಟಿ ಬರೆಯಲು ಹೆಸರು ಬೇಕಲ್ಲ?
'ಬೆನ್ನು ತುರಿಸುವ ಕೋಲು' ಎಂದಳು ಟೆಗ್ವೆನ್.
ಪ್ರಯೋಗಿಸಿದಳು. ಅಯ್ಯೋ ಎಂದು ಕೈಬಿಟ್ಟಳು.
'ಜೈಲಿನವನು ದಿನ ಎಣಿಸಿದ್ದು' ಎಂದರು ಪಾದ್ರಿ.
'ಇಪ್ಪತ್ತನಾಲ್ಕೇ ದಿನವೆ?'
'ಸಣ್ಣ ಕಳ್ಳತನವಿರಬೇಕು.'
ಹೆಫಿನ್, ಒಂಬತ್ತರ ಪೋರ,
ಪೆನ್ಸಿಲನ್ನು ಕಚ್ಚುಗಳ ಮೇಲೆ ಗರ್ರನೆ ಎಳೆದು
'ವಾದ್ಯ' ಎಂದು ಘೋಷಿಸಿದ.
ಕುರಿ ಎಣಿಸಲಿಕ್ಕೆ, ನೂಲು ಸುತ್ತಲಿಕ್ಕೆ,
ರೊಟ್ಟಿ ಸಮನಾಗಿ ಕೊಯ್ಯಲಿಕ್ಕೆ...
ಎಲ್ಲ ಸರಿ,
ಆ ಮೊಳೆಗೆ ಮಾತ್ರ ಯಾರ ಊಹೆಯೂ ಒಗ್ಗಲಿಲ್ಲ.

ಆಗ ಬಂದ ಇಡ್ವಲ್ ಪ್ಯಾರಿ,
ಏನೂ ಕೊಳ್ಳದೆ ಟೀ ಮಾತ್ರ ಕುಡಿಯುವವನು,
ಕಲ್ಲುದೂಳು ತುಂಬಿದ ಎದೆಯಿಂದ
ಉಸಿರನ್ನು ಚಿಲ್ಲರೆಯಲ್ಲಿ ಖರ್ಚು ಮಾಡುವವನು.
ಕೋಲು ನೋಡಿದ. ಉತ್ತರ ಹೇಳಲಿಲ್ಲ.
'ಒಂದು ಸ್ಲೇಟು ಕೊಡಿ.'

ಬಾಗಿಲಿಗೆ ಒತ್ತುಕೊಟ್ಟಿದ್ದೆವು ಒಂದನ್ನು,
ಹೋದ ಚಳಿಗಾಲ ಮಾಡಿನಿಂದ ಜಾರಿದ್ದು.
ಅಂಚಿಗೆ ಕಚ್ಚು ಕೂರಿಸಿ, ಕೋಲು ಅಡ್ಡ ಹಿಡಿದು
ಸರ್ರನೆ ತನ್ನ ಕಡೆಗೆಳೆದ.

ಕೀ...ರ್ರ್!

ಶಾಲೆಗೆ ಹೋದವರ ಹಲ್ಲೆಲ್ಲ ಚುಳ್ಳೆಂದವು.
ಕಲ್ಲಿನ ಮೇಲೆ ಬಿಳಿ ಗೆರೆ,
ಎಲ್ಲೂ ತಡವರಿಸದ ಗೆರೆ.

'ಪ್ರಿಕ್ ಮೆಸಿರ್' ಎಂದ. ಅಳತೆಯ ಕಡ್ಡಿ.
'ಕಚ್ಚಿಗೊಂದು ಇಂಚು. ಗೆರೆ ಹಿಡಿದು ಕತ್ತರಿಸು, ಅಷ್ಟೆ.
ಇಪ್ಪತ್ತನಾಲ್ಕಕ್ಕೆ ಹನ್ನೆರಡಾದರೆ ಡಚೆಸ್.
ಇಪ್ಪತ್ತಕ್ಕೆ ಹತ್ತು, ಕೌಂಟೆಸ್.
ಹದಿನಾರಕ್ಕೆ ಎಂಟು, ಬರೀ ಲೇಡಿ.'
ಉಸಿರು ಕೂಡಿಸಿಕೊಂಡ.
'ಎಷ್ಟು ಡಚೆಸ್‌ಗಳನ್ನು ತೊಡೆಗೊರಗಿಸಿಕೊಂಡಿಲ್ಲ ನಾನು!
ಒಬ್ಬಳೂ ಒಂದು ಮಾತಾಡಲಿಲ್ಲ.'
ಪಾದ್ರಿಗೆ ಟೀ ನೆತ್ತಿಗೇರಿತು.

ನಾನು ಚೀಟಿಯಲ್ಲಿ ಹೆಸರು ಬರೆಯುತ್ತಿದ್ದೆ.
ಅವನ ಹೆಬ್ಬೆರಳು ಮಾತ್ರ ಇನ್ನೂ
ಮೆಟ್ಟಿಲು ಇಳಿಯುವ ಕುರುಡನಂತೆ
ಕಚ್ಚಿನಿಂದ ಕಚ್ಚಿಗೆ ಇಳಿಯುತ್ತಿತ್ತು.
ನಿಂತಿತು.
'ಇಲ್ಲಿ ಮುಟ್ಟು.'

ಇಪ್ಪತ್ತನಾಲ್ಕು: ನಿನ್ನೆ ಕೊರೆದಂತೆ ಹರಿತ.
ಇಪ್ಪತ್ತು: ಅದೂ ಹಾಗೆಯೇ.
ಹದಿನಾರು ಸವೆದು
ಮಗುವಿನ ಒಸಡಿನಷ್ಟು ನುಣುಪು.
ಎಂಟು, ಅದಕ್ಕಿಂತ.

'ಒಳ್ಳೆ ಬಂಡೆ ಸಿಗಲಿಲ್ಲ ಇವನ ತಂಡಕ್ಕೆ' ಎಂದ.
'ತಿಂಗಳಿಗೊಮ್ಮೆ ಮೇಸ್ತ್ರಿ ಬಂಡೆ ಹಂಚುತ್ತಿದ್ದ.
ಟೋಪಿ ತೆಗೆದವನಿಗೆ ಡಚೆಸ್ ಬಂಡೆ.
ತೆಗೆಯದವನಿಗೆ ಚೂರುಪಾರು.'
ಆಮೇಲೆ, ಬಹಳ ಹೊತ್ತಿನ ಮೇಲೆ,
'ಅಥವಾ ಕಲಿಯುವ ಹುಡುಗನದೋ ಏನೋ.
ಮರ ಅಷ್ಟು ಮಾತ್ರ ಹೇಳುತ್ತದೆ.'

ಪೆಟ್ಟಿಗೆ ತಂದವರು ಯಾರೆಂದು
ಟೆಗ್ವೆನ್‌ಗೆ ನೆನಪಿರಲಿಲ್ಲ.
ಹೆಫಿನ್ ಮೊಣಕೈಯಿಂದ ಬೆರಳ ತುದಿಯವರೆಗೆ
ತನ್ನನ್ನೇ ಅಳೆದುಕೊಂಡು, ಬೇಸರದಿಂದ
'ಲೇಡಿಗೂ ಎರಡು ಇಂಚು ಕಮ್ಮಿ' ಎಂದ.

ಬಾಗಿಲ ಸ್ಲೇಟನ್ನು ಮತ್ತೆ ಒರಗಿಸುವ ಮುಂಚೆ
ನಾನೇ ಕೋಲಿಟ್ಟು ನೋಡಿದೆ,
ಇಡ್ವಲ್ ಎಳೆದ ಗೆರೆಯ ಪಕ್ಕದಲ್ಲಿ.
ಉದ್ದ ಹದಿನಾರು. ಅಗಲ ಎಂಟು.
ಅವನಿಗೆ ಹೇಳಲೋ ಬೇಡವೋ ಎಂದು ನಿಂತಿದ್ದೆ.
ಟೀ ಆರುತ್ತಿತ್ತು, ಕೋಲಿಗೆ ಚಾಚಿದ ಕೈ ಹಾಗೇ ಇತ್ತು.

'ಇಂಥವೇ ಮುನ್ನೂರು ಬೇಕು ಮೇಲಕ್ಕೆ' ಎಂದಳು ಟೆಗ್ವೆನ್,
ಡಬ್ಬಿಯ ಚಿಲ್ಲರೆ ಎಣಿಸುತ್ತ.
'ಅದಕ್ಕೆಷ್ಟು ಬರೆದೆ?'